ಟೋಪಿ ಹಾಕಿದವರು, ಹಾಕಿಸಿಕೊಂಡವರು: ಫಿಲ್ಮ್ ನ್ವಾರ್ ಪಾತ್ರಗಳನ್ನು ಗುರುತಿಸುವ ಬಗೆ

ಫಿಲ್ಮ್ ನ್ವಾರ್ (ಫ್ರೆಂಚಿನಲ್ಲಿ 'ಕಪ್ಪು ಚಿತ್ರ', ಅಂದರೆ ನಲವತ್ತು-ಐವತ್ತರ ದಶಕದ ಹಾಲಿವುಡ್‌ನ ಕತ್ತಲು ಕವಿದ ಅಪರಾಧ ಚಿತ್ರಗಳು) ಅಂದ ಕೂಡಲೇ ಕಣ್ಣ ಮುಂದೆ ಬರುವುದು ಅಂಚು ಬಾಗಿದ ಟೋಪಿ, ಮಳೆಕೋಟು, ತುಟಿಯಲ್ಲಿ ಸಿಗರೇಟು, ಬಾಗಿಲಿಗೆ ಒರಗಿ ನಿಂತ ಹೆಂಗಸು, ಗೋಡೆಯ ಮೇಲೆ ಕಿಟಕಿಪಟ್ಟಿಗಳ ನೆರಳು. ಇದೆಲ್ಲ ವೇಷ. ವೇಷ ಕಳಚಿದರೂ ನ್ವಾರ್ ಪಾತ್ರ ಹಾಗೇ ಉಳಿಯುತ್ತದೆ. 'ಡಬಲ್ ಇಂಡೆಮ್ನಿಟಿ' (1944) ಚಿತ್ರದ ಕೊಲೆಗಾರ ಒಬ್ಬ ವಿಮೆ ಏಜೆಂಟ್. 'ಸ್ಕಾರ್ಲೆಟ್ ಸ್ಟ್ರೀಟ್' (1945) ಚಿತ್ರದ ಕೊಲೆಗಾರ ಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುವ ಕ್ಯಾಷಿಯರ್. 'ಔಟ್ ಆಫ್ ದ ಪಾಸ್ಟ್' (1947) ಶುರುವಾಗುವಾಗ ನಾಯಕ ಒಂದು ಸಣ್ಣ ಊರಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತಾನೆ.

ಹಾಗಾದರೆ ಈ ಪಾತ್ರಗಳನ್ನು ಬೇರೆ ಬೇರೆ ಮಾಡುವುದು ಏನು? ಒಂದೇ ಪ್ರಶ್ನೆ ಸಾಕು: ಈ ವ್ಯಕ್ತಿಗೆ ಏನು ಗೊತ್ತು, ಅದು ಗೊತ್ತಾದದ್ದು ಯಾವಾಗ? ಮೊದಲಿನಿಂದಲೇ ಎಲ್ಲ ಗೊತ್ತಿದ್ದವಳು ಫೆಮ್ ಫತಾಲ್, ಅಂದರೆ ಗಂಡಸನ್ನು ಸೆಳೆದು ಹಾಳುಮಾಡುವ ಹೆಂಗಸು. ತಪ್ಪು ಅಂತ ಗೊತ್ತಿದ್ದೂ ಕಾಲಿಟ್ಟವನು ಮಿಕ. ಎಲ್ಲರಿಗಿಂತ ಕೊನೆಗೆ, ಒದೆ ತಿಂದು ತಿಳಿದುಕೊಳ್ಳುವವನು ಪತ್ತೇದಾರ. ನ್ವಾರ್ ಕಥೆಗಳ ಬಿಗಿ ಬರುವುದು ಬಂದೂಕಿನಿಂದಲ್ಲ, ಈ ತಿಳಿವಳಿಕೆಯ ಏರುಪೇರಿನಿಂದ.

ಅಂದಹಾಗೆ, ಈ ಚಿತ್ರಗಳನ್ನು ಮಾಡಿದವರಿಗೇ ತಾವು ಫಿಲ್ಮ್ ನ್ವಾರ್ ಮಾಡುತ್ತಿದ್ದೇವೆ ಅನ್ನುವುದು ಗೊತ್ತಿರಲಿಲ್ಲ. ಹಾಲಿವುಡ್‌ನಲ್ಲಿ ಅವು ಮಾಮೂಲಿ ಕ್ರೈಮ್ ಚಿತ್ರಗಳು, ಮೆಲೋಡ್ರಾಮಾಗಳು. ಜರ್ಮನಿ ಫ್ರಾನ್ಸನ್ನು ಆಕ್ರಮಿಸಿದ್ದ ವರ್ಷಗಳಲ್ಲಿ ಅಮೆರಿಕದ ಸಿನಿಮಾ ಅಲ್ಲಿಗೆ ಹೋಗಲಿಲ್ಲ. ಯುದ್ಧ ಮುಗಿದು 1946ರಲ್ಲಿ ಒಟ್ಟೊಟ್ಟಿಗೆ ಬಂದಾಗ, ಒಂದರ ಹಿಂದೆ ಒಂದು ನೋಡಿದ ಪ್ಯಾರಿಸ್‌ನ ವಿಮರ್ಶಕರಿಗೆ ಅವುಗಳೊಳಗಿನ ಕಪ್ಪು ಕಣ್ಣಿಗೆ ಹೊಡೆಯಿತು. ನಿನೊ ಫ್ರಾಂಕ್ ಆ ವರ್ಷ ಈ ಹೆಸರು ಬಳಸಿದರು. ಸಾಮಾನ್ಯವಾಗಿ 1941ರ 'ದ ಮಾಲ್ಟೀಸ್ ಫಾಲ್ಕನ್'ನಿಂದ 1958ರ 'ಟಚ್ ಆಫ್ ಈವಿಲ್' ತನಕದ್ದನ್ನು ಮೂಲ ನ್ವಾರ್ ಕಾಲ ಅನ್ನುತ್ತಾರೆ. ಅಂದರೆ ಸೂತ್ರ ಇಟ್ಟುಕೊಂಡು ಪಾತ್ರ ಬರೆದವರಿಲ್ಲ. ಪಾತ್ರಗಳ ಅಚ್ಚು ಆಮೇಲೆ ನೋಡಿದವರ ಕಣ್ಣಿಗೆ ಬಿದ್ದದ್ದು. ಒಂದೇ ಪಾತ್ರದಲ್ಲಿ ಎರಡು ಅಚ್ಚು ಬೆರೆತಿರುವುದು ಅದಕ್ಕೇ.

ಮಿಕ

ನ್ವಾರ್‌ನ ನಿಜವಾದ ನಾಯಕ ಪತ್ತೇದಾರನಲ್ಲ, ಮಿಕ. ಹಳ್ಳಕ್ಕೆ ಬೀಳುವ ಸಾಮಾನ್ಯ ಮನುಷ್ಯ. ಇವನನ್ನು ಅರ್ಥ ಮಾಡಿಕೊಂಡರೆ ಉಳಿದವರು ತಾವಾಗಿಯೇ ಅರ್ಥವಾಗುತ್ತಾರೆ. ಹಾಗಾಗಿ ಬಿಲ್ಲಿ ವೈಲ್ಡರ್ ನಿರ್ದೇಶನದ 'ಡಬಲ್ ಇಂಡೆಮ್ನಿಟಿ'ಯ ವಾಲ್ಟರ್ ನೆಫ್‌ನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನೆಫ್ ಕಾರಿನ ವಿಮೆ ನವೀಕರಿಸಲು ಒಂದು ಮನೆಗೆ ಹೋಗುತ್ತಾನೆ. ಯಜಮಾನ ಇಲ್ಲ, ಹೆಂಡತಿ ಫಿಲ್ಲಿಸ್ ಮೆಟ್ಟಿಲಿಳಿದು ಬರುತ್ತಾಳೆ. ಇಳಿಯುವಾಗ ಕ್ಯಾಮೆರಾ ಅವಳು ಕಾಲಿಗೆ ಹಾಕಿದ ಚೈನನ್ನು ಹಿಡಿಯುತ್ತದೆ. ಮುಂದಿನ ಭೇಟಿಯಲ್ಲಿ ಅವಳು, ಗಂಡನಿಗೆ ತಿಳಿಯದ ಹಾಗೆ ಅವನ ಹೆಸರಲ್ಲಿ ಅಪಘಾತ ವಿಮೆ ಮಾಡಿಸಬಹುದೇ ಎಂದು ಕೇಳುತ್ತಾಳೆ. ನೆಫ್‌ಗೆ ಆ ಕ್ಷಣವೇ ವಿಷಯ ಅರ್ಥವಾಗುತ್ತದೆ. ಅದನ್ನು ಅವಳ ಮುಖಕ್ಕೇ ಹೇಳಿ ಎದ್ದು ಹೊರಡುತ್ತಾನೆ.

ಇಲ್ಲಿಗೇ ನಿಲ್ಲಿಸಿದರೆ ಇವನು ಸಂಭಾವಿತ. ಆದರೆ ಸಂಜೆ ಅವಳು ಅವನ ಮನೆಗೆ ಬಂದಾಗ ನಮಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ವಿಮೆ ಕಂಪನಿಗೆ ಮೋಸ ಮಾಡುವುದು ಹೇಗೆ ಎಂದು ಅವನು ಎಷ್ಟೋ ಕಾಲದಿಂದ ತಲೆಯಲ್ಲಿ ಲೆಕ್ಕ ಹಾಕುತ್ತಿದ್ದ. ಜೂಜಿನ ಮೇಜಿನ ಕಾವಲುಗಾರ ದಿನವೂ ಗಿರಾಕಿಗಳ ಕೈಚಳಕ ಹಿಡಿಯುತ್ತ ಹಿಡಿಯುತ್ತ, ತಾನೇ ಒಂದು ಕೈ ನೋಡಿದರೆ ಹೇಗೆ ಅಂದುಕೊಳ್ಳುವ ಹಾಗೆ. ಗಂಡ ರೈಲಿನಲ್ಲಿ ಸತ್ತರೆ 50,000 ಡಾಲರ್ ಪಾಲಿಸಿಗೆ ದುಪ್ಪಟ್ಟು, ಅಂದರೆ 1,00,000 ಡಾಲರ್ ಸಿಗುತ್ತದೆ. ಈ ರೈಲಿನ ಉಪಾಯ ಫಿಲ್ಲಿಸ್‌ಳದ್ದಲ್ಲ, ನೆಫ್‌ನದ್ದು. ಅವಳು ಕೇಳಿದ್ದು ಕೊಲೆ ಮಾತ್ರ. ಅದಕ್ಕೆ ಬಡ್ಡಿ ಸೇರಿಸಿದವನು ಇವನು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಯಾರೋ ಬಂದು ಹಸಿವು ಕಲಿಸಬೇಕಿರಲಿಲ್ಲ.

ಮಿಕನಿಗೆ ಬೇಕಾದ ಎರಡು ಅಂಶ ಇಲ್ಲಿ ಸಿಗುತ್ತವೆ: ಕೆಲಸದಿಂದ ಕೈಗೆ ಬಂದ ಕೀಲಿ, ಮತ್ತು ಹೆಂಗಸು ಬರುವ ಮೊದಲೇ ಒಳಗೆ ಇದ್ದ ಆಸೆ. ನೆಫ್‌ಗೆ ಪಾಲಿಸಿಯ ಒಳಹೊರಗೆಲ್ಲ ಗೊತ್ತು. 'ಸ್ಕಾರ್ಲೆಟ್ ಸ್ಟ್ರೀಟ್'ನ ಕ್ಯಾಷಿಯರ್ ಕೈಯಲ್ಲಿ ಕಂಪನಿಯ ಹಣವಿದೆ, ಮನಸ್ಸಲ್ಲಿ ಚಿತ್ರಕಾರನಾಗುವ ಹಂಬಲವಿದೆ. ಇವೆರಡರಲ್ಲಿ ಒಂದು ತಪ್ಪಿದರೂ ಪಾತ್ರ ಕೈಕೊಡುತ್ತದೆ. ಕೀಲಿ ಇಲ್ಲದಿದ್ದರೆ ಹೆಂಗಸು ಇವನನ್ನೇ ಯಾಕೆ ಹುಡುಕಿಕೊಂಡು ಬಂದಳು ಅನ್ನುವುದಕ್ಕೆ ಉತ್ತರವಿಲ್ಲ. ಆಸೆ ಇಲ್ಲದಿದ್ದರೆ ಅವನು ಬರೀ ಪೆದ್ದ. ಪೆದ್ದನ ಬಗ್ಗೆ ಕನಿಕರ ಬರಬಹುದು, ಭಯ ಆಗುವುದಿಲ್ಲ. ನಾವೂ ಆ ಜಾಗದಲ್ಲಿದ್ದರೆ ಕೈ ಹಾಕುತ್ತಿದ್ದೆವೋ ಏನೋ ಅನ್ನುವ ಅನುಮಾನವೇ ನ್ವಾರ್‌ನ ಭಯ.

ನಟನ ಆಯ್ಕೆಯಲ್ಲೂ ಈ ಲೆಕ್ಕವಿತ್ತು. ಫ್ರೆಡ್ ಮ್ಯಾಕ್‌ಮರ್ರಿ ಅಲ್ಲಿಯವರೆಗೆ ಹಗುರ ಹಾಸ್ಯಚಿತ್ರಗಳ ಒಳ್ಳೆ ಹುಡುಗ. ನಗುಮುಖದ ಪಕ್ಕದ ಮನೆಯವನು ಕೊಲೆ ಮಾಡಿದರೆ ಚುಚ್ಚುವಷ್ಟು, ಗ್ಯಾಂಗ್‌ಸ್ಟರ್ ಪಾತ್ರಗಳಲ್ಲಿ ಪಳಗಿದವನು ಮಾಡಿದರೆ ಚುಚ್ಚುವುದಿಲ್ಲ. ಈ ಪಾತ್ರವನ್ನು ಬೇಡ ಅಂದವರಲ್ಲಿ ಜಾರ್ಜ್ ರಾಫ್ಟ್ ಒಬ್ಬರು. 'ದ ಮಾಲ್ಟೀಸ್ ಫಾಲ್ಕನ್'ನ ಪತ್ತೇದಾರನ ಪಾತ್ರವನ್ನೂ ಬಿಟ್ಟುಕೊಟ್ಟವರು ಅವರೇ. ನ್ವಾರ್ ಚರಿತ್ರೆಗೆ ಅವರ ದೊಡ್ಡ ಕೊಡುಗೆ ಇದೇ ಇರಬೇಕು.

ಮಿಕನ ಇನ್ನೊಂದು ಬಗೆ ಇದೆ, ಹೆಚ್ಚು ಕ್ರೂರವಾದದ್ದು: ಹೇಳಿಕೊಳ್ಳುವಂಥ ತಪ್ಪೇ ಮಾಡದವನು. 'ಡಿ.ಒ.ಎ.' (1950) ಚಿತ್ರದ ಲೆಕ್ಕಪರಿಶೋಧಕ ಮಾಡಿದ್ದು ಒಂದು ಮಾರಾಟಪತ್ರಕ್ಕೆ ನೋಟರಿ ಸಹಿ ಹಾಕಿದ್ದಷ್ಟೇ. ಆ ಸಹಿಗಾಗಿ ಯಾರೋ ಅವನಿಗೆ ವಿಷ ಹಾಕುತ್ತಾರೆ. ತನ್ನ ಕೊಲೆಯನ್ನು ತಾನೇ ಪತ್ತೆಹಚ್ಚಿ, ಪೊಲೀಸ್ ಠಾಣೆಯಲ್ಲಿ ಅದನ್ನು ಹೇಳಿ ಸಾಯುತ್ತಾನೆ. ಇಲ್ಲಿ ಮಿಕ ಮತ್ತು ಪತ್ತೇದಾರ ಒಬ್ಬನೇ.

ಫೆಮ್ ಫತಾಲ್

ಇವಳ ಬಗ್ಗೆ ಬರೆದಷ್ಟು ಬೇರೆ ಯಾರ ಬಗ್ಗೆಯೂ ಬರೆದಿಲ್ಲ, ಕೆಟ್ಟದಾಗಿ ನಕಲು ಮಾಡಿದ್ದೂ ಇವಳನ್ನೇ. ನಕಲು ಮಾಡುವವರು ಚೆಲುವನ್ನು ತೆಗೆದುಕೊಂಡು ಲೆಕ್ಕಾಚಾರ ಬಿಟ್ಟುಬಿಡುತ್ತಾರೆ.

ಒಂದು ಪರೀಕ್ಷೆ ಮಾಡಿ ನೋಡಿ. ಕಥೆಯಿಂದ ನಾಯಕನನ್ನು ಪೂರ್ತಿ ತೆಗೆದುಹಾಕಿ. ಆಗಲೂ ಅವಳಿಗೆ ಒಂದು ಉದ್ದೇಶ ಉಳಿಯುತ್ತದೆಯೇ? ಫಿಲ್ಲಿಸ್‌ಗೆ ಉಳಿಯುತ್ತದೆ. ನೆಫ್ ಬರುವ ಮೊದಲೇ ಅವಳಿಗೊಂದು ಇತಿಹಾಸವಿದೆ: ಗಂಡನ ಮೊದಲ ಹೆಂಡತಿಗೆ ಆರೈಕೆ ಮಾಡಲು ಬಂದ ನರ್ಸ್ ಇವಳು, ಆ ರೋಗಿ ಸತ್ತಮೇಲೆ ಮನೆಯೊಡತಿಯಾದವಳು. ಮಲಮಗಳು ಲೋಲಾಗೆ ಆ ಸಾವಿನ ಬಗ್ಗೆ ಬಲವಾದ ಅನುಮಾನ. 'ಔಟ್ ಆಫ್ ದ ಪಾಸ್ಟ್'ನ ಕ್ಯಾಥಿ ಕೂಡ ಹಾಗೇ. ತೆರೆಯ ಮೇಲೆ ಬರುವ ಮೊದಲೇ ಅವಳು ಜೂಜಿನ ದೊರೆ ವಿಟ್‌ಗೆ ಗುಂಡು ಹೊಡೆದು ಓಡಿಹೋಗಿರುತ್ತಾಳೆ, 40,000 ಡಾಲರ್ ಸಮೇತ ಎನ್ನುವುದು ವಿಟ್‌ನ ದೂರು. ಅವಳನ್ನು ಹುಡುಕಲು ಬಂದ ನಾಯಕ ಜೆಫ್‌ಗೆ, ಹಣ ತೆಗೆದಿಲ್ಲ ಅಂತ ಹೇಳುತ್ತಾಳೆ. ಜೆಫ್‌ಗೆ ನಿಜ ಬೇಕಾಗಿಯೇ ಇಲ್ಲ. ತಿಳಿದುಕೊಳ್ಳಬಹುದಾಗಿದ್ದೂ ತಿಳಿದುಕೊಳ್ಳಲಾರೆ ಅನ್ನುವ ಆ ಗಳಿಗೆಯಲ್ಲಿ, ಪತ್ತೇದಾರನಾಗಿ ಬಂದವನು ಮಿಕನಾಗುತ್ತಾನೆ.

ಇವಳಿಗೆ ಬೇಕಾದದ್ದು ಸಾಮಾನ್ಯವಾಗಿ ಹಣ. ಹಣದ ಹಿಂದೆ ಇರುವುದು ಯಾರ ಕೈಕೆಳಗೂ ಇರಬಾರದೆಂಬ ಹಟ. ಯುದ್ಧಕಾಲದಲ್ಲಿ ಅಮೆರಿಕದ ಹೆಂಗಸರು ಕಾರ್ಖಾನೆಗೆ ಹೋಗಿ ದುಡಿದರು, ಗಂಡಸರು ಮರಳಿ ಬಂದಾಗ ಅವರನ್ನು ಕಂಡು ಅಳುಕಿದರು, ಆ ಅಳುಕೇ ಈ ಪಾತ್ರವಾಯಿತು ಎಂಬ ವಿವರಣೆ ಬಹಳ ಕಡೆ ಓದಲು ಸಿಗುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಸಾಲದು. ಡ್ಯಾಶಿಯಲ್ ಹ್ಯಾಮೆಟ್ ಮತ್ತು ಜೇಮ್ಸ್ ಎಂ. ಕೇನ್ ಕಾದಂಬರಿಗಳಲ್ಲಿ ಇವಳು ಯುದ್ಧಕ್ಕೆ ಎಷ್ಟೋ ಮೊದಲೇ ಕಾಣಿಸಿಕೊಂಡಿದ್ದಾಳೆ.

ಇವಳಂತೆ ಕಂಡು ಇವಳಲ್ಲದವಳೂ ಒಬ್ಬಳಿದ್ದಾಳೆ. 'ಗಿಲ್ಡಾ' (1946) ಪೋಸ್ಟರ್ ನೋಡಿದವರು ರೀಟಾ ಹೇವರ್ತ್‌ಳನ್ನು ಫೆಮ್ ಫತಾಲ್ ಪಟ್ಟಿಯ ಮೊದಲಿಗೇ ಬರೆಯುತ್ತಾರೆ. ಮೇಲಿನ ಪರೀಕ್ಷೆಗೆ ಹಚ್ಚಿದರೆ ಗಿಲ್ಡಾ ನಪಾಸು: ಅವಳು ಯಾರನ್ನೂ ಕೊಲ್ಲಿಸುವುದಿಲ್ಲ, ಹಣಕ್ಕಾಗಿ ಬಲೆ ಬೀಸುವುದಿಲ್ಲ. ಅವಳ ಕೆಟ್ಟ ಹೆಸರೆಲ್ಲ ಹಳೆಯ ಪ್ರೇಮಿ ಜಾನಿಯ ಹೊಟ್ಟೆಕಿಚ್ಚಿನಲ್ಲಿ ಹುಟ್ಟಿದ್ದು, ಅದಕ್ಕೆ ಅವಳೇ ಬೇಕೆಂದು ತುಪ್ಪ ಸುರಿಯುತ್ತಾಳೆ. ಇದಕ್ಕೆ ತದ್ವಿರುದ್ಧ 'ಮಿಲ್ಡ್ರೆಡ್ ಪಿಯರ್ಸ್' (1945). ಅಲ್ಲಿ ಹಾಳುಮಾಡುವವಳು ಪ್ರೇಯಸಿಯಲ್ಲ, ಮಗಳು ವೀಡಾ. ಮಿಕನ ಜಾಗದಲ್ಲಿರುವುದು ತಾಯಿ, ಹೋಟೆಲ್ ನಡೆಸಿ ನಾಲ್ಕು ಕಾಸು ಮಾಡಿದ ಹೆಂಗಸು.

ಪತ್ತೇದಾರ

ಖಾಸಗಿ ಪತ್ತೇದಾರ ಮೊದಲಿಗೆ ಒಬ್ಬ ಸಣ್ಣ ವ್ಯಾಪಾರಿ. 'ದ ಬಿಗ್ ಸ್ಲೀಪ್'ನಲ್ಲಿ (1946) ಮಾರ್ಲೋ ದರ ದಿನಕ್ಕೆ 25 ಡಾಲರ್, ಮೇಲೆ ಖರ್ಚು. ಹಣವಂತರ ಬಂಗಲೆಗೆ ಹೋಗಿ ಅವರ ಕೊಳೆ ತೊಳೆಯುವ ಕೆಲಸ. ಪೊಲೀಸರಿಗೆ ಇವನ ಮೇಲೆ ಕಣ್ಣು, ಲೈಸೆನ್ಸ್ ಹೋಗುವ ಭಯ ಯಾವಾಗಲೂ ಇದ್ದದ್ದೇ. ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಈ ಕಸುಬಿನ ಒಣ ವಿವರ ಅಲ್ಲಿಂದ ಬಂದದ್ದು.

ಪ್ರೇಕ್ಷಕನಿಗೂ ಇವನಿಗೂ ಒಂದೇ ಹೊತ್ತಿಗೆ ಸುಳಿವು ಸಿಗುತ್ತದೆ. ಕೋಣೆಯಲ್ಲಿ ಕುಳಿತು ತರ್ಕದಿಂದ ಬಿಡಿಸುವ ಇಂಗ್ಲಿಷ್ ಪತ್ತೇದಾರನಂತೆ ಇವನು ನಮಗಿಂತ ಹತ್ತು ಹೆಜ್ಜೆ ಮುಂದಿರುವುದಿಲ್ಲ. ತಿಳಿವಳಿಕೆಗೆ ಮೈಯಿಂದ ಬೆಲೆ ಕೊಡುತ್ತಾನೆ: ಒದೆ ತಿನ್ನುತ್ತಾನೆ, ಮಾದಕ ದ್ರವ್ಯ ಚುಚ್ಚಿಸಿಕೊಳ್ಳುತ್ತಾನೆ, ಪ್ರಜ್ಞೆ ತಪ್ಪಿ ಬೀಳುತ್ತಾನೆ. ಒಂದೇಟೂ ತಿನ್ನದೆ ಎಲ್ಲರನ್ನೂ ಹೊಡೆದುರುಳಿಸುವವನನ್ನು ಬರೆದರೆ ಅದು ಸಾಹಸಚಿತ್ರವಾಗುತ್ತದೆ. 'ದ ಮಾಲ್ಟೀಸ್ ಫಾಲ್ಕನ್'ನ ಸ್ಯಾಮ್ ಸ್ಪೇಡ್ ತನ್ನ ಬಳಿ ಪಿಸ್ತೂಲನ್ನೇ ಇಟ್ಟುಕೊಳ್ಳುವುದಿಲ್ಲ.

ಇವನನ್ನು ಮಿಕನಿಂದ ಬೇರೆ ಮಾಡುವುದು ಒಂದು ಕಟ್ಟುಪಾಡು, ಅದೂ ಬಹಳ ಕಿರಿದು. ಸ್ಪೇಡ್‌ನ ಪಾಲುದಾರ ಆರ್ಚರ್ ಕೊಲೆಯಾಗುತ್ತಾನೆ. ಸ್ಪೇಡ್‌ಗೆ ಆರ್ಚರ್ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವನ ಹೆಂಡತಿಯ ಜೊತೆ ಇವನಿಗೆ ಸಂಬಂಧವೂ ಇತ್ತು. ಆದರೂ ಪಾಲುದಾರನನ್ನು ಕೊಂದರೆ ಏನಾದರೂ ಮಾಡಲೇಬೇಕು ಅನ್ನುವ ಒಂದೇ ನೇಮಕ್ಕಾಗಿ, ತಾನು ಪ್ರೀತಿಸಿರಬಹುದಾದ ಬ್ರಿಜಿಡ್‌ಳನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಮಿಕ ಇದೇ ಜಾಗದಲ್ಲಿ ಜಾರುತ್ತಾನೆ.

ಮೇಜಿನ ಆಚೆ ಕೂತವನು

ಪಟ್ಟಿ ಮಾಡುವವರು ಬಹುಪಾಲು ಬಿಟ್ಟುಬಿಡುವ ಪಾತ್ರವೊಂದಿದೆ: ಮಿಕನನ್ನು ಪ್ರೀತಿಸುವ, ಅವನನ್ನು ಹಿಡಿಯಲೇಬೇಕಾದ ಹಿರಿಯ. 'ಡಬಲ್ ಇಂಡೆಮ್ನಿಟಿ'ಯಲ್ಲಿ ಅವನು ಬಾರ್ಟನ್ ಕೀಸ್, ಕ್ಲೇಮು ವಿಭಾಗದವನು, ಪಾತ್ರಧಾರಿ ಎಡ್ವರ್ಡ್ ಜಿ. ರಾಬಿನ್ಸನ್. ಖೋಟಾ ಕ್ಲೇಮು ಬಂದರೆ ಅವನ ಹೊಟ್ಟೆಯೊಳಗೆ ಒಬ್ಬ ಪುಟ್ಟ ಮನುಷ್ಯ ಕುಳಿತು ಹಿಂಸೆ ಕೊಡುತ್ತಾನಂತೆ, ಊಟ ಜೀರ್ಣವಾಗುವುದಿಲ್ಲವಂತೆ. ಸತ್ತವನಿಗೆ ಕಾಲು ಮುರಿದಾಗಲೂ ಅಪಘಾತ ವಿಮೆಯ ಹಣ ಕೇಳಲಿಲ್ಲ ಯಾಕೆ? ಪಾಲಿಸಿ ಇರುವುದೇ ಅವನಿಗೆ ಗೊತ್ತಿರಲಿಲ್ಲ! ಈ ಒಂದು ಎಳೆ ಹಿಡಿದು ಕೀಸ್ ಇಡೀ ಕೊಲೆಯನ್ನು ಬಿಚ್ಚುತ್ತಾನೆ. ಸಿಗದೆ ಉಳಿಯುವುದು ಫಿಲ್ಲಿಸ್‌ಗೆ ಸಹಾಯ ಮಾಡಿದ ಗಂಡಸಿನ ಹೆಸರು ಮಾತ್ರ, ಯಾಕೆಂದರೆ ಆ ಗಂಡಸು ಅವನ ಮೇಜಿನ ಎದುರಿಗೇ ಇದ್ದಾನೆ. ಚಿತ್ರದುದ್ದಕ್ಕೂ ಕೀಸ್‌ನ ಸಿಗಾರಿಗೆ ಕಡ್ಡಿ ಗೀರುವವನು ನೆಫ್. ಕೊನೆಯಲ್ಲಿ ಗುಂಡೇಟು ತಿಂದು ಬಾಗಿಲ ಬಳಿ ಕುಸಿದ ನೆಫ್‌ನ ಸಿಗರೇಟಿಗೆ ಕೀಸ್ ಕಡ್ಡಿ ಗೀರುತ್ತಾನೆ. ಚಿತ್ರದ ನಿಜವಾದ ಪ್ರೇಮಕಥೆ ಈ ಇಬ್ಬರದು ಎನ್ನಲು ಅಡ್ಡಿಯಿಲ್ಲ.

ಈ ಪಾತ್ರ ಇಲ್ಲದಿದ್ದರೆ ಕೊಲೆಯಾದ ಮೇಲೆ ಕಥೆ ಜೋತುಬೀಳುತ್ತದೆ. ಪೊಲೀಸರು ಹೊರಗಿನಿಂದ ಹತ್ತಿರವಾಗುವುದಕ್ಕೂ, ಗೆಳೆಯ ಒಳಗಿನಿಂದ ಹತ್ತಿರವಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಸುತ್ತಲಿನವರು

ಒಳ್ಳೆಯ ಹುಡುಗಿ ನ್ವಾರ್‌ನ ಅತಿ ದುರ್ಬಲ ಅಚ್ಚು. ಹಗಲು ಬೆಳಕು, ತೊರೆ, ಮರ, ಬಿಳಿ ಕಾಲರ್ ಇಷ್ಟರಲ್ಲೇ ಮುಗಿಸುತ್ತಾರೆ. ಇದನ್ನು ಮುರಿದ ಒಳ್ಳೆಯ ಉದಾಹರಣೆ ರಾಬರ್ಟ್ ಸಿಯೋಡ್‌ಮಾಕ್‌ರ 'ಫ್ಯಾಂಟಮ್ ಲೇಡಿ' (1944). ಅಲ್ಲಿ ಸೆಕ್ರೆಟರಿ ಹುಡುಗಿಯೇ, ಮರಣದಂಡನೆಗೆ ಗುರಿಯಾದ ತನ್ನ ಬಾಸ್‌ನನ್ನು ಉಳಿಸಲು ರಾತ್ರಿ ಬೀದಿಗಿಳಿಯುತ್ತಾಳೆ.

ದೊರೆ, ಅಂದರೆ ಹಣ ಹೂಡುವ ಖಳ, ಸ್ವತಃ ಕೈ ಕೊಳೆ ಮಾಡಿಕೊಳ್ಳುವುದಿಲ್ಲ. ಅವನ ಆಯುಧ ಮಾತು. 'ಮಾಲ್ಟೀಸ್ ಫಾಲ್ಕನ್'ನ ಗುಟ್‌ಮನ್ ಆಗಿ ಬಂದ ಸಿಡ್ನಿ ಗ್ರೀನ್‌ಸ್ಟ್ರೀಟ್ ರಂಗಭೂಮಿಯ ನಟ. ಮೊದಲ ಸಿನಿಮಾ ಮಾಡುವಾಗ 61 ವರ್ಷ. ಕ್ಯಾಮೆರಾವನ್ನು ಕೆಳಗಿಟ್ಟು ಅವರ ಹೊಟ್ಟೆಯೇ ಚೌಕಟ್ಟು ತುಂಬುವ ಹಾಗೆ ತೆಗೆದಿದ್ದಾರೆ. ಬಂಟನದ್ದು ಬೇರೆ ಕಥೆ, ಅವನಿಗೆ ಹಿಂಸೆಯೇ ಮೋಜು. 'ಕಿಸ್ ಆಫ್ ಡೆತ್' (1947) ಚಿತ್ರದಲ್ಲಿ ಗಾಲಿಕುರ್ಚಿಯ ಮುದುಕಿಯನ್ನು ಮೆಟ್ಟಿಲ ಮೇಲಿಂದ ತಳ್ಳಿ ನಗುವ ಟಾಮಿ ಉಡೊ ಆಗಿ ರಿಚರ್ಡ್ ವಿಡ್‌ಮಾರ್ಕ್ ಮೊದಲ ಚಿತ್ರದಲ್ಲೇ ಆಸ್ಕರ್ ನಾಮನಿರ್ದೇಶನ ಪಡೆದರು.

ಇವರೆಲ್ಲರಿಗಿಂತ ಮನಸ್ಸಿಗೆ ಹತ್ತಿರವಾಗುವವನು ಪುಡಿ ಕಳ್ಳ, ದೊಡ್ಡವರ ಆಟದಲ್ಲಿ ಮೊದಲು ಸಾಯುವ ಸಣ್ಣವನು. ಇದನ್ನು ಅರಿಯಲು ಎಲೈಶಾ ಕುಕ್ ಜೂನಿಯರ್ ಎಂಬ ಒಬ್ಬ ನಟನನ್ನು ಹಿಂಬಾಲಿಸಿದರೆ ಸಾಕು. 1941ರಲ್ಲಿ 'ಮಾಲ್ಟೀಸ್ ಫಾಲ್ಕನ್'ನಲ್ಲಿ ಅವನು ಪಿಸ್ತೂಲು ಹಿಡಿದ ಹುಡುಗ. ಸ್ಪೇಡ್ ಅದನ್ನು ಆಟದ ಸಾಮಾನಿನಂತೆ ಕಿತ್ತುಕೊಳ್ಳುತ್ತಾನೆ, ಸಾಕಿದ ಗುಟ್‌ಮನ್ನೇ ಅವನನ್ನು ಪೊಲೀಸರಿಗೆ ಬಿಟ್ಟುಕೊಡಲು ಒಪ್ಪುತ್ತಾನೆ. 1946ರಲ್ಲಿ 'ದ ಬಿಗ್ ಸ್ಲೀಪ್'ನಲ್ಲಿ ಹ್ಯಾರಿ ಜೋನ್ಸ್. ತಾನು ಮೆಚ್ಚಿದ ಹೆಂಗಸಿನ ವಿಳಾಸ ಕೇಳಿದವನಿಗೆ ಸುಳ್ಳು ವಿಳಾಸ ಕೊಟ್ಟು, ಅವನು ಕೊಟ್ಟ ವಿಷ ಕುಡಿದು ಸಾಯುತ್ತಾನೆ. 1956ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್‌ರ 'ದ ಕಿಲ್ಲಿಂಗ್'ನಲ್ಲಿ ಕುದುರೆ ರೇಸಿನ ಕೌಂಟರ್ ಗುಮಾಸ್ತ. ಹೆಂಡತಿಯ ಕಣ್ಣಲ್ಲಿ ದೊಡ್ಡವನಾಗಲು ದರೋಡೆಯ ಗುಟ್ಟನ್ನು ಬಾಯಿಬಿಡುತ್ತಾನೆ, ಅವಳು ಅದನ್ನು ಪ್ರಿಯಕರನಿಗೆ ಹೇಳುತ್ತಾಳೆ, ಗುಂಪಿನ ಹೆಚ್ಚಿನವರು ಸಾಯುತ್ತಾರೆ.

ಕೆಟ್ಟುಹೋದ ಪೊಲೀಸ್ ತಡವಾಗಿ ಬಲಿತ ಅಚ್ಚು. 'ಟಚ್ ಆಫ್ ಈವಿಲ್'ನಲ್ಲಿ ಆರ್ಸನ್ ವೆಲ್ಸ್ ಮಾಡಿದ ಕ್ವಿನ್‌ಲನ್, ಆರೋಪಿಯ ಮನೆಯಲ್ಲಿ ತಾನೇ ಡೈನಮೈಟ್ ಇಟ್ಟು ಸಾಕ್ಷ್ಯ ಹುಟ್ಟಿಸುತ್ತಾನೆ. ಕೊನೆಗೆ ನೋಡಿದರೆ ಆ ಆರೋಪಿ ತಪ್ಪೊಪ್ಪಿಕೊಂಡಿರುತ್ತಾನೆ. ಕ್ವಿನ್‌ಲನ್ ಊಹೆ ಸರಿ, ದಾರಿ ಹೊಲಸು. ಬರೀ ಲಂಚಕೋರನನ್ನು ಬರೆದರೆ ಈ ಇಕ್ಕಟ್ಟು ಸಿಗುವುದಿಲ್ಲ.

ಅಂತ್ಯ ಮೊದಲೇ ಗೊತ್ತಿದ್ದರೆ

1934ರಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು ಅನ್ನುವ ನಿಯಮಾವಳಿ, ಬಿಗಿಯಾಗಿ ಜಾರಿಯಾಯಿತು. ಅಪರಾಧ ಮಾಡಿದವರಿಗೆ ತೆರೆಯ ಮೇಲೆ ಶಿಕ್ಷೆಯಾಗಲೇಬೇಕು. ಮಿಕ ಮತ್ತು ಫೆಮ್ ಫತಾಲ್‌ರ ಗತಿ ಟಿಕೆಟ್ ಕೊಂಡವರಿಗೆಲ್ಲ ಮೊದಲೇ ತಿಳಿದಿತ್ತು ಎಂದಾಯಿತು. ಆಗ 'ಏನಾಗುತ್ತದೆ' ಅನ್ನುವ ಕುತೂಹಲಕ್ಕೆ ಬೆಲೆಯಿಲ್ಲ, 'ಹೇಗಾಯಿತು' ಎನ್ನುವುದಷ್ಟೇ ಉಳಿಯುತ್ತದೆ. ನೆಫ್ ಚಿತ್ರದ ಮೊದಲಲ್ಲೇ ಗಾಯಗೊಂಡು ಆಫೀಸಿಗೆ ಬಂದು ಡಿಕ್ಟಾಫೋನ್ ಎಂಬ ಮಾತು ಮುದ್ರಿಸುವ ಯಂತ್ರಕ್ಕೆ ತಪ್ಪೊಪ್ಪಿಕೊಳ್ಳುವುದು, ಅಲ್ಲಿಂದ ಫ್ಲ್ಯಾಶ್‌ಬ್ಯಾಕ್ ತೆರೆದುಕೊಳ್ಳುವುದು ನಿರ್ಬಂಧವನ್ನೇ ಬಂಡವಾಳ ಮಾಡಿಕೊಂಡ ಬಗೆ. ಫ್ರಿಟ್ಸ್ ಲಾಂಗ್‌ರ 'ಸ್ಕಾರ್ಲೆಟ್ ಸ್ಟ್ರೀಟ್' ಇನ್ನೂ ಚಾಲಾಕಿ: ಕೊಲೆಗೆ ಬೇರೊಬ್ಬನಿಗೆ ಮರಣದಂಡನೆಯಾಗುತ್ತದೆ, ಕೊಂದ ಕ್ಯಾಷಿಯರ್ ಸತ್ತವರ ದನಿ ಕಿವಿಯಲ್ಲಿ ತುಂಬಿಕೊಂಡು ಹುಚ್ಚನಂತೆ ಬೀದಿ ಅಲೆಯುತ್ತಾನೆ.

ಬೆಳಕು ಈ ಪಾತ್ರಗಳಿಗೆ ಅಲಂಕಾರವಾಗಿ ಬಂದದ್ದಲ್ಲ. ಮುಖ್ಯ ದೀಪ ಇಟ್ಟು, ನೆರಳು ತುಂಬುವ ಫಿಲ್ ದೀಪವನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ ಮುಖದ ಅರ್ಧ ಕತ್ತಲಾಗುತ್ತದೆ: ಈ ವ್ಯಕ್ತಿಯ ಬಗ್ಗೆ ನಿಮಗೆ ಅರ್ಧವಷ್ಟೇ ಗೊತ್ತು. 'ಡಬಲ್ ಇಂಡೆಮ್ನಿಟಿ'ಯ ಛಾಯಾಗ್ರಾಹಕ ಜಾನ್ ಸೈಟ್ಸ್, ಫಿಲ್ಲಿಸ್ ಮನೆಯ ಹಗಲು ಬೆಳಕಿನಲ್ಲೂ ಧೂಳು ಕಾಣಲೆಂದು ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಬಿಡಿಸಿದ್ದರು.

ಬೊಂಬಾಯಿಗೆ ಬಂದಾಗ

ಈ ಅಚ್ಚುಗಳು ಹಿಂದಿಗೆ ಬಂದಾಗ ಅವುಗಳನ್ನು ತಿದ್ದಿದವರಲ್ಲಿ ಮುಖ್ಯರಾದವರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ. ಅವರ ಮೊದಲ ಚಿತ್ರ 'ಬಾಜಿ' (1951). ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಸಹಾಯಕ ಛಾಯಾಗ್ರಾಹಕ. ಹಾಡೊಂದಕ್ಕೆ ಅವರು ಸೂಚಿಸಿದ ಕನ್ನಡಿಯ ಶಾಟ್ ಕಂಡು ಗುರುದತ್ತ ಮುಂದಿನ ಚಿತ್ರಕ್ಕೆ ಕ್ಯಾಮೆರಾವನ್ನೇ ಅವರ ಕೈಗಿಟ್ಟರು.

'ಬಾಜಿ'ಯಲ್ಲಿ ದೇವ್ ಆನಂದ್ ಜೂಜುಕೋರ, ಕ್ಷಯ ಹಿಡಿದ ತಂಗಿಯ ಔಷಧಕ್ಕಾಗಿ ಕ್ಲಬ್ಬಿಗೆ ಸೇರಿದವನು. ಮಿಕನ ಆಸೆಯ ಜಾಗಕ್ಕೆ ಅಣ್ಣನ ಕರ್ತವ್ಯ ಬಂತು. ಕ್ಲಬ್ಬಿನ ನರ್ತಕಿ ಗೀತಾ ಬಾಲಿ ಹಾಡುತ್ತಾಳೆ, ಸೆಳೆಯುತ್ತಾಳೆ, ಆದರೆ ನಾಯಕನನ್ನು ಉಳಿಸಲು ತಾನೇ ಪ್ರಾಣ ಕೊಡುತ್ತಾಳೆ. ಮೋಸದ ಭಾರವೆಲ್ಲ ಬಿದ್ದದ್ದು ದೊರೆಯ ಮೇಲೆ: ಕತ್ತಲಲ್ಲಿ ಕೂತ ಆ ಬಾಸ್, ನಾಯಕಿ ಡಾಕ್ಟರಮ್ಮನ ಗೌರವಸ್ಥ ತಂದೆ. ನಾಯಕ ನಿರ್ದೋಷಿ, ಹೆಂಗಸು ತ್ಯಾಗಮಯಿ, ಕೇಡೆಲ್ಲ ಮನೆಯ ಹಿರಿಯನದ್ದು. ನ್ವಾರ್‌ನ ನೆರಳು ಬಂತು, ವಿಷ ಸೋರಿಹೋಯಿತು; ಬದಲಿಗೆ ಸಂಭಾವಿತ ಅಪ್ಪಂದಿರನ್ನು ಅನುಮಾನದಿಂದ ನೋಡುವ ಹೊಸ ಚಟ ಬಂತು.

ಕನ್ನಡದಲ್ಲಿ ಹೇಮಂತ್ ರಾವ್ ನಿರ್ದೇಶನದ 'ಕವಲುದಾರಿ' (2019) ಪತ್ತೇದಾರನ ಅಚ್ಚನ್ನು ಇಬ್ಬರಿಗೆ ಹಂಚಿತು. ಹಳೆಯ ಕೇಸನ್ನು ಬಿಡಿಸಲಾಗದೆ ಹೊತ್ತುಕೊಂಡ ನಿವೃತ್ತ ಅಧಿಕಾರಿಯಾಗಿ ಅನಂತನಾಗ್, ಕ್ರೈಮ್ ವಿಭಾಗದ ಆಸೆ ಹೊತ್ತ ಟ್ರಾಫಿಕ್ ಪೊಲೀಸ್ ಆಗಿ ರಿಷಿ. ಕೇಸು ಒಬ್ಬನಿಗೆ ಗಾಯ, ಇನ್ನೊಬ್ಬನಿಗೆ ಕುತೂಹಲ. ಕುತೂಹಲ ಕ್ರಮೇಣ ಗಾಯವಾಗುವುದನ್ನು ತೋರಿಸಲು ಅವಕಾಶ ಸಿಕ್ಕಿದ್ದು ಈ ಹಂಚಿಕೆಯಿಂದ.

ಬರೆಯುವವರು ಎಡವುವ ಕಡೆ

ಚಿತ್ರಕಥೆ ಕೈಯಲ್ಲಿದ್ದರೆ ಒಂದು ಹಾಳೆಯಲ್ಲಿ ಅಡ್ಡಕ್ಕೆ ದೃಶ್ಯಗಳನ್ನು, ಉದ್ದಕ್ಕೆ ಪಾತ್ರಗಳನ್ನು ಬರೆದು, ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಅವರಿಗೆ ಗೊತ್ತಿರುವುದನ್ನು ತುಂಬಿ. ಎರಡು ಸಾಲು ಮೊದಲಿನಿಂದ ಕೊನೆವರೆಗೆ ಒಂದೇ ಆಗಿದ್ದರೆ ಆ ಇಬ್ಬರಲ್ಲಿ ಒಬ್ಬರು ಬೇಡ. ಫೆಮ್ ಫತಾಲ್‌ಳ ಸಾಲು ನಡುವೆ ತುಂಬತೊಡಗಿದರೆ ಅವಳೂ ಮಿಕಳೇ. ತಪ್ಪೇನಿಲ್ಲ, ಆದರೆ ಆಗ ಬಲೆ ನೇಯ್ದವರು ಬೇರೆ ಯಾರೋ ಇರಬೇಕು. ಮಿಕನ ಸಾಲಿನಲ್ಲಿ, ತಪ್ಪೆಂದು ತಿಳಿದ ಚೌಕ ಅಪರಾಧದ ಚೌಕಕ್ಕಿಂತ ಮೊದಲು ಬಂದಿದೆಯೇ ನೋಡಿ. ಆಮೇಲೆ ಬಂದಿದ್ದರೆ ಅವನು ಮೋಸಹೋದ ಅಮಾಯಕ, ಕಥೆ ಬೇರೆ ಜಾತಿಯದು.

ವಾಯ್ಸ್ ಓವರ್ ಇನ್ನೊಂದು ಗುಂಡಿ. ನೆಫ್ ದನಿ ಹೇಳುವುದು ಚಿತ್ರದಲ್ಲಿ ಕಾಣದ್ದನ್ನು: ಕೊಲೆಯಾದ ರಾತ್ರಿ ನಡೆದು ಹೋಗುವಾಗ ತನ್ನ ಹೆಜ್ಜೆಯ ಸದ್ದು ತನಗೇ ಕೇಳಲಿಲ್ಲ ಅನ್ನುತ್ತಾನೆ. ತೆರೆಯ ಮೇಲೆ ಮಳೆ ಸುರಿಯುತ್ತಿರುವಾಗ 'ಅಂದು ಮಳೆ ಸುರಿಯುತ್ತಿತ್ತು' ಎಂದು ಬರೆದಿದ್ದರೆ ಆ ಸಾಲನ್ನು ಹೊಡೆದುಹಾಕಿ.